ನಿಮಗಿದು ಗೊತ್ತೆ? ಮಡಕೆ ಚೂರು ತವರೂರು ಹೇಳುತ್ತದೆ

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಕೆರೆಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣುಪಿನ ನಡುವೆ ಗರಗರ ತಗಲುವುದು ಗ್ರಾನೈಟ್, ನೈಸ್ ಬಂಡೆಗಳು ಸವೆದು ಬಂದ ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಕಣಗಳು. ಮಡಕೆ ಸುಟ್ಟರೂ ಅವು ಒಳಗೇ ಉಳಿಯುತ್ತವೆ. ಚೂರನ್ನು 0.03 ಮಿ.ಮೀ. ದಪ್ಪಕ್ಕೆ ತೇಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಅದರೊಳಗೆ ಬೆಳಕು ಹಾಯ್ದು ಕಣಗಳು ಬೇರೆಬೇರೆಯಾಗಿ ಕಾಣುತ್ತವೆ. ಮಣ್ಣು ಯಾವ ಸೀಮೆಯದು ಎಂಬ ಸುಳಿವು ಸಿಗುವುದು ಅಲ್ಲೇ.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆಸಿದಾಗ, ಒಳತಳದಲ್ಲಿ ಸುತ್ತಸುತ್ತ ಪುಟ್ಟ ಗೀರುಗಳಿದ್ದ ನಯವಾದ ತಟ್ಟೆಗಳ ಚೂರುಗಳು ಸಿಕ್ಕವು. ಈ ಅಲಂಕಾರದ ಮೂಲ ಮೆಡಿಟರೇನಿಯನ್ ಕಡೆಯದೆಂದು ಅವರು ಭಾವಿಸಿದ್ದರು. ಅರ್ಧ ಶತಮಾನದ ಬಳಿಕ, 1997ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ವಿ.ಡಿ. ಗೋಗಟೆ ಇಂಥ ಮಡಕೆಗಳ ಖನಿಜಗಳನ್ನು ಎಕ್ಸ್-ರೇ ವಿವರ್ತನೆಯಿಂದ ಪರೀಕ್ಷಿಸಿ, ಬಂಗಾಳದ ಚಂದ್ರಕೇತುಗಢ–ತಮ್ಲುಕ್ ಕಡೆಗೆ ಬೆರಳು ತೋರಿದರು. ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅಂಗೈಯಗಲದ ಚೂರೊಂದು ಹಳೆಯ ವ್ಯಾಪಾರದ ದಾರಿಯನ್ನೇ ತೆರೆದಿಡುವುದು ನಿಜಕ್ಕೂ ರೋಮಾಂಚಕ.

ಬ್ರಹ್ಮಗಿರಿಯ ಬೃಹತ್ ಶಿಲಾಗೋರಿಗಳಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆಗಳದು ಬೆಂಕಿಯ ಕಥೆ. ಗಾಳಿಯಾಡಿದ ಕಡೆ ಮಣ್ಣಿನ ಕಬ್ಬಿಣ ಕೆಂಪಾಗಿದೆ; ಗಾಳಿ ತಾಗದ ಒಳಮೈ, ಬಾಯಂಚು ಕಪ್ಪಾಗಿವೆ. ಬೋರಲು ಹಾಕಿ ಸುಟ್ಟಿರಬೇಕು ಎಂಬುದು ಹಲವರ ವಿವರಣೆ.

ಮಡಕೆಯ ವಯಸ್ಸು ತಿಳಿಯಲೂ ಬೆಣಚಿನ ಕಣ ನೆರವಾಗುತ್ತದೆ. ಆವಿಗೆಯ ಕಾವಿಗೆ ಖಾಲಿಯಾದ ಅದು, ಅಂದಿನಿಂದ ನೆಲದ ವಿಕಿರಣದ ಶಕ್ತಿಯನ್ನು ಕೂಡಿಟ್ಟುಕೊಂಡಿರುತ್ತದೆ. ಪ್ರಯೋಗಾಲಯದಲ್ಲಿ ಮತ್ತೆ ಕಾಯಿಸಿದಾಗ ಅದನ್ನು ಮಂದ ಬೆಳಕಾಗಿ ಹೊರಚೆಲ್ಲುತ್ತದೆ; ಆ ಬೆಳಕನ್ನು ಅಳೆದು ವಯಸ್ಸನ್ನು ಅಂದಾಜಿಸುತ್ತಾರೆ.