ಭಾರತದಲ್ಲಿ ಬಿಯರ್ ತಯಾರಿಕಾ ಉದ್ಯಮ: ಇತಿಹಾಸ ಹಾಗೂ ಬ್ರ್ಯಾಂಡ್‌ಗಳು

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ (ಮಾಲ್ಟ್), ಹಾಪ್ಸ್ ಹೂವು, ಯೀಸ್ಟ್ ಹಾಗೂ ನೀರು ಬಿಯರ್‌ನ ಮೂಲ ಸಾಮಗ್ರಿಗಳು. ಇದನ್ನು ಹುದುಗಿಸಲು ತಂಪಾದ ವಾತಾವರಣ ಅವಶ್ಯಕ. ಶೀತಲೀಕರಣ ಯಂತ್ರಗಳು ಬಳಕೆಗೆ ಬರುವ ಮುನ್ನ ಭಾರತದ ಬಯಲು ಪ್ರದೇಶಗಳಲ್ಲಿ ಇದು ಕಷ್ಟಸಾಧ್ಯವಾಗಿದ್ದುದರಿಂದ, ಈ ಉದ್ಯಮವು ಗಿರಿಧಾಮಗಳಲ್ಲಿ ಆರಂಭವಾಯಿತು. ಅಕ್ಕಿ, ರಾಗಿ ಮುಂತಾದ ಧಾನ್ಯಗಳಿಂದ ಮನೆಗಳಲ್ಲಿಯೇ ತಯಾರಿಸುತ್ತಿದ್ದ ಪೇಯಗಳು ಇದಕ್ಕಿಂತ ಬಹು ಪ್ರಾಚೀನವಾದವು. ಅವು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಬ್ರಿಟಿಷ್ ಸೈನಿಕರಿಗೆ ಬೇಕಾದ ಬಿಯರ್ ಮೊದಲು ಇಂಗ್ಲೆಂಡಿನಿಂದ ಹಡಗುಗಳಲ್ಲಿ ಬರುತ್ತಿತ್ತು. 19ನೇ ಶತಮಾನದಲ್ಲಿ ಎಡ್ವರ್ಡ್ ಡೈಯರ್ ಎಂಬುವರು ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ತಯಾರಿಕಾ ಘಟಕವನ್ನು ಸ್ಥಾಪಿಸಿದರು. 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ ಕಾರಣನಾದ ಜನರಲ್ ಡೈಯರ್ ಇವರ ಪುತ್ರ. ಈ ಸಂಸ್ಥೆಯ ‘ಲಯನ್’ ಬಿಯರ್ ಬಹುಕಾಲ ಪ್ರಸಿದ್ಧವಾಗಿತ್ತು. 1949ರಲ್ಲಿ ಎನ್.ಎನ್. ಮೋಹನ್ ಅವರು ಸದರಿ ಸಂಸ್ಥೆಯನ್ನು ವಹಿಸಿಕೊಂಡರು. ಮುಂದೆ ಅದು ಮೋಹನ್ ಮೀಕಿನ್ ಎಂಬ ಹೆಸರನ್ನು ಪಡೆಯಿತು. 1860ರಲ್ಲಿ ಸ್ಥಾಪಿತವಾದ ಮರ್ರಿ ಬ್ರೂವರಿಯು ದೇಶವಿಭಜನೆಯ ನಂತರ ಪಾಕಿಸ್ತಾನದ ಪಾಲಾಯಿತು.

ದಕ್ಷಿಣದಲ್ಲಿ ನೀಲಗಿರಿಯ ತಂಪು ಹವೆ ಹಾಗೂ ಬೆಂಗಳೂರಿನ ದಂಡು ಪ್ರದೇಶ ಈ ಉದ್ಯಮಕ್ಕೆ ಆಧಾರವಾದವು. 1857ರ ಕ್ಯಾಸಲ್ ಹಾಗೂ ನೀಲಗಿರಿ ಬ್ರೂವರಿಗಳು, 1885ರ ಬ್ಯಾಂಗಲೋರ್ ಬ್ರೂಯಿಂಗ್ ಕಂಪನಿ ಸೇರಿದಂತೆ ಐದು ಘಟಕಗಳನ್ನು ವಿಲೀನಗೊಳಿಸಿ, ಸ್ಕಾಟ್ಲೆಂಡಿನ ಥಾಮಸ್ ಲೀಷ್‌ಮನ್ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ರಚಿಸಿದರು. ಆಗ ದೊಡ್ಡ ಪೀಪಾಯಿಗಳಲ್ಲಿ ತುಂಬಿದ ಬಿಯರನ್ನು ಎತ್ತಿನ ಗಾಡಿಗಳ ಮೂಲಕ ಸೈನಿಕರಿಗೆ ಸರಬರಾಜು ಮಾಡಲಾಗುತ್ತಿತ್ತು. 1947ರಲ್ಲಿ ವಿಠಲ ಮಲ್ಯ ಅವರು ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು, ಮರುವರ್ಷವೇ ಅಧ್ಯಕ್ಷರಾದರು. ಬೆಂಗಳೂರಿನಲ್ಲಿ ಸಂಸ್ಥೆಯ ಹಳೆಯ ಬ್ರೂವರಿ ಇದ್ದ ಸ್ಥಳದಲ್ಲಿ ಇಂದು ಯು.ಬಿ. ಸಿಟಿ ಕಟ್ಟಡಗಳಿವೆ. ಅದರ ಮುಂದಿನ ಗ್ರಾಂಟ್ ರಸ್ತೆಗೆ ಅವರ ಹೆಸರನ್ನೇ ಇಡಲಾಗಿದೆ.

ಸ್ವಾತಂತ್ರ್ಯಾನಂತರ ಉದ್ಯಮದ ಸ್ವರೂಪವನ್ನು ನಿರ್ಧರಿಸಿದ್ದು ರುಚಿಗಿಂತ ಹೆಚ್ಚಾಗಿ ಕಾನೂನು. ಸಂವಿಧಾನದ 47ನೇ ಅನುಚ್ಛೇದವು ಪಾನನಿರೋಧದ ಗುರಿಯನ್ನು ಸೂಚಿಸುತ್ತದೆ. ಏಳನೇ ಅನುಸೂಚಿಯು ಮಾದಕ ಪೇಯಗಳ ವಿಷಯವನ್ನೂ ಅವುಗಳ ಅಬಕಾರಿ ಸುಂಕವನ್ನೂ ರಾಜ್ಯಗಳಿಗೆ ವಹಿಸಿದೆ. ಇದರ ಫಲವಾಗಿ ಪ್ರತಿಯೊಂದು ರಾಜ್ಯವೂ ಪ್ರತ್ಯೇಕ ಮಾರುಕಟ್ಟೆಯಾಯಿತು. ಬಿಯರ್ ರಾಜ್ಯದ ಗಡಿ ದಾಟಬೇಕಾದರೆ ಪರವಾನಗಿ ಬೇಕು, ಶುಲ್ಕವನ್ನೂ ಪಾವತಿಸಬೇಕು. ಆದ್ದರಿಂದ ದೇಶವ್ಯಾಪಿ ಬ್ರ್ಯಾಂಡ್ ಬೆಳೆಸಬಯಸುವ ಸಂಸ್ಥೆಯು ಹಲವು ರಾಜ್ಯಗಳಲ್ಲಿ ಘಟಕಗಳನ್ನು ಹೊಂದುವುದು ಅನಿವಾರ್ಯವಾಯಿತು. ಸಣ್ಣ ಬ್ರೂವರಿಗಳಿಗೆ ಇದು ನಿಲುಕದ ಮಾತು. ಅವು ಒಂದೊಂದಾಗಿ ದೊಡ್ಡ ಸಂಸ್ಥೆಗಳ ಕೈಸೇರಿದವು.

1978ರಲ್ಲಿ ಬಿಡುಗಡೆಯಾದ ‘ಕಿಂಗ್‌ಫಿಷರ್’ ಬೆಳೆದದ್ದು ಈ ಹಿನ್ನೆಲೆಯಲ್ಲಿ. ಮದ್ಯದ ಜಾಹೀರಾತಿಗೆ ನಿರ್ಬಂಧವಿದ್ದುದರಿಂದ ಅದೇ ಹೆಸರು ಕುಡಿಯುವ ನೀರಿನ ಬಾಟಲಿಗಳ ಮೇಲೂ ಕಾಣಿಸಿಕೊಂಡಿತು. 2005ರಿಂದ 2012ರವರೆಗೆ ವಿಮಾನಗಳ ಮೇಲೂ ಇತ್ತು. 2000ದಲ್ಲಿ ಭಾರತಕ್ಕೆ ಕಾಲಿಟ್ಟ ದಕ್ಷಿಣ ಆಫ್ರಿಕಾ ಮೂಲದ ಎಸ್.ಎ.ಬಿ. ಸಂಸ್ಥೆಯು ‘ನಾಕ್ ಔಟ್’ ತಯಾರಿಸುತ್ತಿದ್ದ ಮೈಸೂರು ಬ್ರೂವರೀಸ್ ಅನ್ನೂ ‘ಹೇವರ್ಡ್ಸ್ 5000’ ಬ್ರ್ಯಾಂಡನ್ನೂ ತನ್ನದಾಗಿಸಿಕೊಂಡಿತು. 2016ರಲ್ಲಿ ಆ ಸಂಸ್ಥೆಯೇ ಎ.ಬಿ. ಇನ್‌ಬೆವ್‌ನಲ್ಲಿ ಸೇರಿಹೋಯಿತು. ಬ್ಯಾಂಕ್ ಸಾಲದ ವಸೂಲಿಗಾಗಿ ಮಾರಾಟವಾದ ಷೇರುಗಳನ್ನು ಖರೀದಿಸಿ, 2021ರಲ್ಲಿ ಹಾಲೆಂಡಿನ ಹೈನೆಕೆನ್ ಯುನೈಟೆಡ್ ಬ್ರೂವರೀಸ್‌ನ ಬಹುಮತದ ಒಡೆತನ ಪಡೆಯಿತು.

ಒಡೆತನ ಕೆಲವೇ ಕೈಗಳಲ್ಲಿ ಕೇಂದ್ರೀಕೃತವಾದುದರ ಪರಿಣಾಮ ಗ್ರಾಹಕರ ಮೇಲೂ ಆಯಿತು. ಪ್ರಮುಖ ತಯಾರಕರು ರಾಜ್ಯಗಳ ಅಬಕಾರಿ ಇಲಾಖೆಗಳ ಮುಂದೆ ಬೆಲೆ ಪ್ರಸ್ತಾವನೆ ಸಲ್ಲಿಸುವ ಮೊದಲು ಪರಸ್ಪರ ಮಾತನಾಡಿಕೊಳ್ಳುತ್ತಿದ್ದರೆಂದು ಭಾರತೀಯ ಸ್ಪರ್ಧಾ ಆಯೋಗವು 2021ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿ, ಒಟ್ಟು ಸುಮಾರು 873 ಕೋಟಿ ರೂಪಾಯಿ ದಂಡ ವಿಧಿಸಿತು. ಒಳಸಂಚಿನ ಮಾಹಿತಿಯನ್ನು ಮೊದಲು ನೀಡಿದ ಎ.ಬಿ. ಇನ್‌ಬೆವ್‌ಗೆ ದಂಡದಿಂದ ಪೂರ್ಣ ವಿನಾಯಿತಿ ದೊರೆಯಿತು.