‘ವಯಸ್ಸಾಯಿತು’ ಎಂದು ಸುಮ್ಮನಿರಬೇಡಿ

ಬೆಳಗಿನ ಜಾವ ಮೂರಕ್ಕೇ ಎಚ್ಚರ. ಮತ್ತೆ ನಿದ್ದೆ ಹತ್ತುವುದಿಲ್ಲ. ಊಟ ರುಚಿಸುವುದಿಲ್ಲ. ಎದೆ ಭಾರ, ಹೊಟ್ಟೆಯುರಿ, ಮೈಕೈ ನೋವು. ಇಸಿಜಿ, ರಕ್ತಪರೀಕ್ಷೆ ಎಲ್ಲವೂ ಸರಿಯಾಗಿವೆ. ನಿಮ್ಮ ಮನೆಯಲ್ಲಿ ಐವತ್ತೈದು ದಾಟಿದವರು ಹೀಗೆ ನರಳುತ್ತಿದ್ದರೆ, ಅದು ಖಿನ್ನತೆಯೂ ಆಗಿರಬಹುದು. ಈ ವಯಸ್ಸಿನಲ್ಲಿ ಮನಸ್ಸಿನ ನೋವು ಅನೇಕ ವೇಳೆ ದೇಹದ ನೋವಾಗಿಯೇ ಹೊರಬೀಳುತ್ತದೆ.

ಕಾರಣಗಳು ಹಲವು. ರಾಜ್ಯ ಸರ್ಕಾರಿ ನೌಕರರಿಗೆ 60ಕ್ಕೆ ನಿವೃತ್ತಿ. ಸಂಬಳದೊಂದಿಗೆ ದಿನಚರಿ, ಸ್ನೇಹಿತರು, ಸ್ಥಾನಮಾನವೂ ಕೈತಪ್ಪುತ್ತವೆ. ಮನೆ ಸಾಲದ ಕಂತು ಮುಗಿದಿರುವುದಿಲ್ಲ. ಮಕ್ಕಳು ದೂರದ ಊರಿನಲ್ಲಿ. ಹಾಸಿಗೆ ಹಿಡಿದ ತಂದೆತಾಯಿಯರು ಮನೆಯಲ್ಲಿ. ಆರೈಕೆಯ ಹೊರೆ ಬಹುಪಾಲು ಗೃಹಿಣಿಯ ಮೇಲೇ ಬೀಳುತ್ತದೆ. ಅವಳಿಗೆ ನಿವೃತ್ತಿಯೂ ಇಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ಹೃದಯಾಘಾತವಾದವರಲ್ಲಿ ಖಿನ್ನತೆ ಹೆಚ್ಚು.

ಚಿಂತೆ ಯಾರಿಗಿಲ್ಲ? ಆದರೆ ಬೇಸರ ಅಥವಾ ನಿರಾಸಕ್ತಿಯು ನಿದ್ದೆಗೇಡು, ನಿಶ್ಶಕ್ತಿ, ‘ನಾನು ಯಾರಿಗೂ ಬೇಡ’ ಎಂಬ ಭಾವನೆಗಳೊಂದಿಗೆ 2 ವಾರಕ್ಕೂ ಹೆಚ್ಚು ದಿನ ಬಿಡದೆ ಕಾಡಿದರೆ ವೈದ್ಯರನ್ನು ಕಾಣಲೇಬೇಕು. ಕೆಲವರಲ್ಲಿ ಕಾಣುವುದು ಅಳುವಲ್ಲ, ಸಿಡುಕು. ಇನ್ನು ಕೆಲವರು ಸಂಜೆಯ ಮದ್ಯದ ಮೊರೆಹೋಗುತ್ತಾರೆ. ಅದು ನಿದ್ದೆಯನ್ನೂ ಮನಸ್ಸನ್ನೂ ಮತ್ತಷ್ಟು ಕೆಡಿಸುತ್ತದೆ.

ಥೈರಾಯ್ಡ್ ಗ್ರಂಥಿಯ ತೊಂದರೆ, ಬಿ-12 ಜೀವಸತ್ವದ ಕೊರತೆಗಳೂ ಇದೇ ಲಕ್ಷಣಗಳನ್ನು ತೋರಬಲ್ಲವು. ಆದ್ದರಿಂದ ಮೊದಲು ದೇಹದ ತಪಾಸಣೆ ಆಗಲಿ. ಎದೆನೋವನ್ನಂತೂ ‘ಟೆನ್ಷನ್’ ಎಂದು ನೀವೇ ತೀರ್ಮಾನಿಸಬೇಡಿ.

ಖಿನ್ನತೆಗೆ ಚಿಕಿತ್ಸೆಯಿದೆ. ಆಪ್ತಸಲಹೆಯಿಂದಲೇ ಹಲವರು ಚೇತರಿಸಿಕೊಳ್ಳುತ್ತಾರೆ. ಮಾತ್ರೆ ಬೇಕಾದರೆ ಅದರ ಗುಣ ಕಾಣಲು 2ರಿಂದ 4 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಸಮಯ ಹಿಡಿಯುತ್ತದೆ. ಖಿನ್ನತೆ ನಿವಾರಕ ಮಾತ್ರೆಗಳು ಮದ್ಯದಂತೆ ಚಟ ಹತ್ತಿಸುವುದಿಲ್ಲ. ಆದರೆ ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ದಿನವೂ ಅರ್ಧ ಗಂಟೆ ನಡಿಗೆ, ಹೊತ್ತಿಗೆ ಸರಿಯಾಗಿ ನಿದ್ದೆ, ನಾಲ್ಕು ಜನರ ಒಡನಾಟ ಚಿಕಿತ್ಸೆಗೆ ಪೂರಕ.

ಮನೆಯವರು ‘ಧೈರ್ಯವಾಗಿರಿ’ ಎಂದು ಉಪದೇಶಿಸುವ ಬದಲು ಹತ್ತಿರ ಕುಳಿತು ಮಾತು ಕೇಳಬೇಕು. ಸಾವಿನ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳದಿರಿ. ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೂದಲು ನರೆಯುವುದು ವಯಸ್ಸಿನ ಸಹಜ ಧರ್ಮ. ಬದುಕೇ ಬೇಡವೆನಿಸುವುದು ಮಾತ್ರ ಕಾಯಿಲೆ.