ಅಂಕಿಯ ತಕ್ಕಡಿ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರು ಮೊದಲು ಕಂಡ ರಾಶಿಯಿಂದಲೇ ಕಾಯಿ ಕೊಳ್ಳುವುದುಂಟೆ? ಒಂದನ್ನು ಕೈಗೆತ್ತಿಕೊಂಡು ಅಲುಗಿಸುತ್ತೇವೆ, ಬಿಡಿಸುತ್ತೇವೆ, ಬಾಯಿಗೆ ಹಾಕಿಕೊಂಡು ನೋಡಿ ಮುಂದಿನ ರಾಶಿಗೆ ನಡೆಯುತ್ತೇವೆ. ಹುರಿದು ತಿನ್ನುವವನಿಗೆ ಒಣಗಿದ ಗಟ್ಟಿಕಾಯಿ ಬೇಕು; ಬೇಯಿಸಿ ತಿನ್ನುವವನಿಗೆ ಹಸಿಕಾಯಿ ಬೇಕು; ಹಲ್ಲಿಲ್ಲದ ಅಜ್ಜಿಗೆ ಮೆತ್ತಗಿರುವುದೇ ಮುಖ್ಯ. ರಾಶಿ ಅದೇ ಆದರೂ ಕೊಳ್ಳುವವನ ಪ್ರಯೋಜನವನ್ನು ಅನುಸರಿಸಿ ಅದರ ಯೋಗ್ಯತೆ ಬೇರೆಯಾಗುತ್ತದೆ. ‘ತುಲನೆ’ ಎಂಬ ಮಾತು ಹುಟ್ಟಿದ್ದೇ ‘ತುಲಾ’ ಎಂದರೆ ತಕ್ಕಡಿಯಿಂದ. ಈ ತಕ್ಕಡಿಯ ವಿಷಯವನ್ನೇ ವಾಚಕರ ಮುಂದಿಡಬೇಕೆಂದು ಹೊರಟಿದ್ದೇನೆ. ಆದರೆ ಪರಿಷೆಯ ತಕ್ಕಡಿಯಲ್ಲ, ತಮ್ಮ ಮನೆಯ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ಹಿಡಿಯುವ ತಕ್ಕಡಿ.

‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದ ಹೆಸರನ್ನು ತಾವು ಕೇಳಿರಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದ ಬ್ಲಿಝಾರ್ಡ್ ಎಂಬ ಕಂಪೆನಿ 2004ರ ನವೆಂಬರ್ ತಿಂಗಳಲ್ಲಿ ಇದನ್ನು ಹೊರತಂದಿತು. 2010ರಲ್ಲಿ ಚಂದಾದಾರರ ಸಂಖ್ಯೆ 1 ಕೋಟಿ 20 ಲಕ್ಷವನ್ನು ದಾಟಿತ್ತು. ಹಣವನ್ನು ಪಣವಾಗಿ ಒಡ್ಡಿ ಆಡುವ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿತಷ್ಟೆ. ಇದು ಆ ಜಾತಿಯದಲ್ಲ. ಇದರಲ್ಲಿ ಆಟಗಾರನು ಒಂದು ಪಾತ್ರ ವಹಿಸುತ್ತಾನೆ. ಯೋಧನಾಗಬಹುದು, ಮಂತ್ರವಾದಿಯಾಗಬಹುದು, ಗಾಯ ಮಾಯಿಸುವ ವೈದ್ಯನಾಗಬಹುದು. ಬೇರೆ ಬೇರೆ ಊರುಗಳಲ್ಲಿ ಕುಳಿತವರು ಗುಂಪು ಕಟ್ಟಿಕೊಂಡು ರಾಕ್ಷಸರನ್ನು ಎದುರಿಸುತ್ತಾರೆ. ನಮ್ಮ ಯಕ್ಷಗಾನದ ಮೇಳದಲ್ಲಿ ವೇಷಗಳಿರುವಂತೆ ಇಲ್ಲಿಯೂ ಪಾತ್ರಕ್ಕೆ ತಕ್ಕ ತೊಡುಗೆ ಉಂಟು.

ತೊಡುಗೆಯೆಂದರೆ ಸಾಮಾನ್ಯವಲ್ಲ. ತಲೆ, ಕೊರಳು, ಭುಜ, ಎದೆ, ಸೊಂಟ, ಪಾದ, ಎರಡು ಉಂಗುರ, ಎರಡು ತಾಯಿತದಂಥ ವಸ್ತು, ಕೈಗಳ ಆಯುಧ—ಹೀಗೆ ಒಟ್ಟು 16 ಸ್ಥಾನಗಳು. ಒಂದೊಂದು ವಸ್ತುವಿನ ಮೇಲೂ ಅಂಕಿಗಳು: ಬಲ ಇಷ್ಟು, ಬುದ್ಧಿ ಇಷ್ಟು, ತಾಳಿಕೆ ಇಷ್ಟು, ವೇಗ ಇಷ್ಟು. ರಾಕ್ಷಸನು ಬಿದ್ದಾಗ ಹೊಸ ಕತ್ತಿಯೊಂದು ಸಿಕ್ಕಿತೆನ್ನಿ. ಒಂದು ಅಂಕಿ ಹೆಚ್ಚು, ಇನ್ನೊಂದು ಕಡಿಮೆ. ಹಳೆಯದನ್ನು ಇಟ್ಟುಕೊಳ್ಳಬೇಕೋ, ಹೊಸದನ್ನು ಹಿಡಿಯಬೇಕೋ? ಇಲ್ಲಿಯೇ ತುಲನೆಯ ಕಷ್ಟ ಹುಟ್ಟಿತು.

ಆಟವನ್ನು ರಚಿಸಿದವರು ಒಂದು ಬಾಗಿಲನ್ನು ತೆರೆದಿಟ್ಟಿದ್ದರು. ಆಟಗಾರರೇ ಸಣ್ಣ ಸಣ್ಣ ಕ್ರಮವಿಧಿಗಳನ್ನು ಬರೆದು ಆಟಕ್ಕೆ ಜೋಡಿಸಿಕೊಳ್ಳಬಹುದು. ಇವನ್ನು ‘ಆಡ್‌ಆನ್’ ಎನ್ನುತ್ತಾರೆ. ನಾವು ‘ಉಪಾಂಗ’ ಎಂದರೆ ತಪ್ಪಾಗದು. ಇವನ್ನು ಬರೆಯುವ ಗಣಕ ಭಾಷೆಯ ಹೆಸರು ‘ಲುವಾ’. ಬ್ರೆಜಿಲ್ ದೇಶದ ರಿಯೊ ನಗರದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಹುಟ್ಟಿದ ಭಾಷೆ ಅದು. ಪೋರ್ಚುಗೀಸಿನಲ್ಲಿ ಆ ಮಾತಿಗೆ ಚಂದ್ರನೆಂದು ಅರ್ಥ. ಉಪಾಂಗಗಳನ್ನು ಹಣಕ್ಕೆ ಮಾರಕೂಡದು, ಬರೆದುದನ್ನು ಮುಚ್ಚಿಡಕೂಡದು ಎಂದು ಕಂಪೆನಿ 2009ರಲ್ಲಿ ನಿಯಮ ಮಾಡಿತು. ಆದುದರಿಂದ ಒಬ್ಬನು ಬರೆದುದನ್ನು ಇನ್ನೊಬ್ಬನು ಓದಿ ಕಲಿಯಬಹುದು. ವಿದ್ಯಾದಾನದ ಈ ಕ್ರಮ ನಮಗೆ ಹೊಸದಲ್ಲ.

ಇಂಥ ಉಪಾಂಗಗಳಲ್ಲಿ ‘ಪಾನ್’ ಎಂಬುದೊಂದು ಹೆಸರಾದುದು. ವಸ್ತುವಿನ ಮೇಲೆ ಮೌಸನ್ನು ಇಟ್ಟರೆ ತೆರೆಯುವ ಚಿಕ್ಕ ಚೌಕದಲ್ಲಿ, ಇದು ನಿನ್ನಲ್ಲಿರುವುದಕ್ಕಿಂತ ನೂರಕ್ಕೆ ಇಷ್ಟು ಮೇಲು ಎಂದು ಅದು ಬರೆದು ತೋರಿಸುತ್ತದೆ. ಇದರೊಳಗಿನ ಗುಟ್ಟು ನಮ್ಮ ಮಾಧ್ಯಮಿಕ ಶಾಲೆಯ ಲೆಕ್ಕವೇ. ಒಂದೊಂದು ಗುಣಕ್ಕೂ ಒಂದು ತೂಕವನ್ನು ಕೊಡು, ಗುಣದ ಅಂಕಿಯನ್ನು ತೂಕದಿಂದ ಗುಣಿಸು, ಎಲ್ಲವನ್ನೂ ಕೂಡು.

ತಿಳಿಯಲೆಂದು ನಾನೇ ಹಾಕಿಕೊಂಡ ಅಂಕಿಗಳನ್ನು ನೋಡಿ. ಹಳೆಯ ಕತ್ತಿಯಲ್ಲಿ ಬಲ 40, ತಾಳಿಕೆ 30, ವೇಗ 10. ಹೊಸದರಲ್ಲಿ ಬಲ 36, ತಾಳಿಕೆ 45, ವೇಗ 20. ಮುನ್ನುಗ್ಗಿ ಹೊಡೆಯುವ ಯೋಧನು ಬಲಕ್ಕೆ 1, ವೇಗಕ್ಕೆ ಅರ್ಧ ತೂಕ ಕೊಟ್ಟು ತಾಳಿಕೆಯನ್ನು ಲೆಕ್ಕಕ್ಕೇ ತಾರದಿದ್ದರೆ, ಹಳೆಯದು 45, ಹೊಸದು 46, ಅಂತರ ಕೂದಲೆಳೆಯಷ್ಟು. ವೇಗಕ್ಕೆ ಕಾಲು ತೂಕವನ್ನೇ ಕೊಟ್ಟನೆನ್ನಿ: ಹಳೆಯದು ನಲವತ್ತೆರಡೂವರೆ, ಹೊಸದು 41, ಈಗ ಹಳೆಯದೇ ಗೆದ್ದಿತು! ಇನ್ನು ಗುರಾಣಿ ಹಿಡಿದು ಎಲ್ಲರ ಮುಂದೆ ಪೆಟ್ಟು ತಿನ್ನುವವನು ತಾಳಿಕೆಗೆ 1, ಬಲಕ್ಕೆ ಅರ್ಧ ಕೊಟ್ಟರೆ ಹಳೆಯದು 50, ಹೊಸದು 63. ಕತ್ತಿಗಳೆರಡೂ ಅವೇ, ತೀರ್ಪು ಮಾತ್ರ ಮೂರು ಬಗೆ. ಉತ್ತರವಿರುವುದು ಕತ್ತಿಯಲ್ಲಿ ಅಲ್ಲ, ನಾವು ಕೊಟ್ಟ ತೂಕದಲ್ಲಿ.

ಆ ತೂಕವಾದರೂ ಸ್ಥಿರವೆ? ಅದೂ ಅಲ್ಲ. ಉಪ್ಪಿಲ್ಲದ ಸಾರಿಗೆ ಮೊದಲ ಚಿಟಿಕೆ ಅಮೃತ, ಐದನೆಯದು ವಿಷ. ಈ ಆಟದಲ್ಲಿ ಹಿಂದೆ ‘ಗುರಿ ತಪ್ಪದಿರುವಿಕೆ’ ಎಂಬ ಗುಣವೊಂದಿತ್ತು. ಒಂದು ಮಿತಿಯವರೆಗೆ ಅದಕ್ಕೆ ಬಹಳ ಬೆಲೆ; ಮಿತಿ ಮುಟ್ಟಿದ ಮೇಲೆ ಎಷ್ಟು ಸೇರಿಸಿದರೂ ವ್ಯರ್ಥ. 2014ರಲ್ಲಿ ಆ ಗುಣವನ್ನೇ ತೆಗೆದುಹಾಕಿದರು. ತೊಟ್ಟ ಒಂದು ವಸ್ತು ಬದಲಾದರೆ ಉಳಿದವುಗಳ ತೂಕವೂ ಸ್ವಲ್ಪ ಬದಲಾಗುತ್ತದೆಯಾದ್ದರಿಂದ, ಹೆಚ್ಚು ನಿಷ್ಠುರರಾದ ಆಟಗಾರರು ‘ಸಿಮ್ಯುಲೇಷನ್‌ಕ್ರಾಫ್ಟ್’ ಎಂಬ ಬೇರೆ ಸಾಧನವನ್ನು ಹಿಡಿಯುತ್ತಾರೆ. ಅದು ಒಂದೇ ಯುದ್ಧವನ್ನು ಸಾವಿರಾರು ಸಲ ತನ್ನೊಳಗೇ ಆಡಿ ನೋಡಿ ಸರಾಸರಿಯನ್ನು ಹೇಳುತ್ತದೆ.

ಇಷ್ಟರ ಮಟ್ಟಿಗೆ ಎಲ್ಲವೂ ಚೆನ್ನು. ಕೇಡು ಬಂದುದು ‘ಗಿಯರ್‌ಸ್ಕೋರ್’ ಎಂಬ ಉಪಾಂಗದ ಕಾಲಕ್ಕೆ. 2008ರ ಕಡೆಯಲ್ಲಿ ಬಂದ ಆಟದ ಆವೃತ್ತಿಯಲ್ಲಿ ಇದು ಮನೆಮಾತಾಯಿತು. ತೊಟ್ಟ ವಸ್ತುಗಳ ದರ್ಜೆಯನ್ನು ನೋಡಿ ಒಬ್ಬನಿಗೆ ಒಟ್ಟು ಒಂದೇ ಅಂಕಿ ಕಟ್ಟುವುದು ಇದರ ಕೆಲಸ. ಆ ಗುಣ ಅವನ ಪಾತ್ರಕ್ಕೆ ಒಪ್ಪುತ್ತದೆಯೇ ಎಂದು ಅದು ಕೇಳದು. ಬುದ್ಧಿಯ ಉಂಗುರವನ್ನು ಯೋಧನು ತೊಟ್ಟರೂ ಅಂಕಿ ಏರೀತು. ಅವನು ಆಡಬಲ್ಲನೇ ಎಂಬುದಂತೂ ಅದಕ್ಕೆ ತಿಳಿಯುವಂತೆಯೇ ಇಲ್ಲ. ಆದರೂ ಗುಂಪು ಕಟ್ಟುವವರು ಈ ಅಂಕಿಯನ್ನು ನೋಡಿಯೇ ಜನರನ್ನು ಸೇರಿಸಿಕೊಳ್ಳತೊಡಗಿದರು. ಒಳ್ಳೆಯ ತೊಡುಗೆ ಸಿಗಬೇಕಾದರೆ ಗುಂಪಿಗೆ ಸೇರಬೇಕು. ಸೇರಬೇಕಾದರೆ ಒಳ್ಳೆಯ ತೊಡುಗೆ ಇರಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು!

ಚಾಮರಾಜಪೇಟೆಯ ನನ್ನ ತಂಗಿಯ ಮಗ ಈ ಆಟದ ಹಳೆಯ ಆವೃತ್ತಿಯನ್ನು ಆಡುತ್ತಾನೆ. ಒಂದು ಸಂಜೆ ಹೋದಾಗ ಮುಖ ಸಪ್ಪಗಿತ್ತು. “ಯಾಕೋ?” ಎಂದೆ. “ಸೇರಿಸ್ಕೊಳ್ಲಿಲ್ಲ ಮಾವ. ನಂಬರು ಸಾಲದಂತೆ.” “ನೀನು ಆಡೋದನ್ನ ಅವರು ನೋಡಿದ್ರೇನು?” “ನೋಡಿದ್ರೆ ತಾನೆ!” ಎಂದ.

ನಗಬೇಕೆಂದಿದ್ದವನು ಸುಮ್ಮನಾದೆ. ಹಿಂದೊಮ್ಮೆ ಶಾಲೆಯ ಚರ್ಚಾಸ್ಪರ್ಧೆಗೆ ಇಬ್ಬರನ್ನು ಆರಿಸುವಾಗ ನಾನು ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಮೇಲಿನ ಎರಡು ಹೆಸರುಗಳನ್ನು ಬರೆದುಕೊಟ್ಟಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬಂದು, “ನಾನು ಮಾತಾಡಿ ತೋರಿಸ್ಲಾ ಸಾರ್?” ಎಂದು ಕೇಳಿದ. ಪಟ್ಟಿ ಹೋಗಿಯಾಯಿತೆಂದು ಕಳುಹಿಸಿಬಿಟ್ಟೆ. ವರ್ಷದ ಕೊನೆಗೆ ಬೀಳ್ಕೊಡುಗೆಯ ಸಭೆಯಲ್ಲಿ ಅವನು ಮಾತನಾಡಿದಾಗ, ನಾನು ತೂಕ ಹಾಕಿದ್ದು ಯಾವುದನ್ನು ಎಂಬುದು ನನಗೆ ತಿಳಿಯಿತು. ತಿಳಿದಾಗ ಕಾಲ ಮಿಂಚಿತ್ತು.

ಅಂಕಿಯನ್ನೇ ಬೈಯಲು ನಾನು ಹೊರಟಿಲ್ಲ. ನನ್ನ ವಿದ್ಯೆಯೇ ಎಣಿಕೆಯಿಂದ ಮೊದಲಾಗುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕಂದಪದ್ಯಕ್ಕೆ ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು, ಒಟ್ಟು 64. ಎಣಿಸಿದರೆ ಛಂದಸ್ಸು ಕೆಟ್ಟಿದೆಯೋ ಇಲ್ಲವೋ ತಿಳಿದೀತು. ಆದರೆ 64 ಮಾತ್ರೆ ಸರಿಯಾಗಿದ್ದೂ ನೀರಸವಾದ ಕಂದಗಳು ಬೇಕಾದಷ್ಟಿವೆ. ಅದನ್ನು ತಿಳಿಯಬೇಕಾದರೆ ಪದ್ಯವನ್ನು ಓದಬೇಕು.

ಆದಕಾರಣ ತಮ್ಮ ಮನೆಯ ಹುಡುಗನೋ ಹುಡುಗಿಯೋ ಪರದೆಯ ಮೇಲಿನ ಅಂಕಿಗಳನ್ನು ಹೋಲಿಸುತ್ತ ಕುಳಿತಿದ್ದರೆ, ಹೊತ್ತು ಹಾಳೆಂದು ರೇಗುವ ಮೊದಲು ಹತ್ತಿರ ಕುಳಿತು, “ಯಾವುದಕ್ಕೆ ಎಷ್ಟು ತೂಕ ಕೊಟ್ಟಿದ್ದೀಯೆ? ಏಕೆ?” ಎಂದು ಕೇಳಿರಿ. ಉತ್ತರ ಬಂದರೆ ಮಗು ಲೆಕ್ಕವನ್ನೂ ವಿವೇಕವನ್ನೂ ಕಲಿಯುತ್ತಿದೆಯೆಂದು ತಿಳಿಯಿರಿ. ಫಲಿತಾಂಶದ ದಿನ ಅದೇ ಮಗು ಅಂಕಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಾಗ, ಅದೇ ಪ್ರಶ್ನೆಯನ್ನು ನಾವೂ ಒಮ್ಮೆ ಕೇಳಿಕೊಳ್ಳೋಣ.